ಹಿಂದಿನ ಹೌಸಿಂಗ್‌ನ ಎಣ್ಣೆ

ಲಾರಿಯ ಕೆಳಗೆ ಅಂಗಾತ ಮಲಗಿದ ಮೇಲೆಯೇ ಅಸನಾಲಿಗೆ ಉಸಿರು ಸ್ವಲ್ಪ ಸಲೀಸಾಯಿತು. ಇಲ್ಲಿ ಯಾರೂ ಅವನ ಮುಖ ನೋಡುವಂತಿರಲಿಲ್ಲ. ಮೂಗಿನಿಂದ ಒಂದು ಮೊಳ ಮೇಲೆ ಕಬ್ಬಿಣ, ಬೆನ್ನ ಕೆಳಗೆ ಬೆಟ್ಟದೂರು ಕೊಚ್ಕೋರಿನ ಅಕ್ಟೋಬರ್ ತಿಂಗಳ ನೆಲ, ಚಕ್ರಗಳ ನಡುವಿನ ಸಂದಿಯಲ್ಲಿ ಬೀಗರ ಅಂಗಳದ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಬೂಟುಗಳಷ್ಟೇ ಓಡಾಡುತ್ತಿದ್ದವು. ಎಣ್ಣೆ ಹಚ್ಚಿ ತಿಕ್ಕಿದ ಕರಿಯ ಬೂಟು ಬೀಗ ಶೈಲೋಬೆಕ್‌ನದು, ಲಾರಿ ಮಾರುವವನದು. ಹಿಮ್ಮಡಿ ಸವೆದದ್ದು ತಮ್ಮ ಮೆದೆರ್‌ನದು, ಕೊಳ್ಳುವವನದು. ಸವೆದ ಬೂಟು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಬಾಗಿಲ ಬಳಿ, ಒಮ್ಮೆ ಟೈರಿನ ಬಳಿ, ಹೊಸ ಕುದುರೆ ಸಿಕ್ಕ ಹುಡುಗನ ಹಾಗೆ ಸುತ್ತು ಹಾಕುತ್ತಿತ್ತು. ಕರಿಯ ಬೂಟು ಮಾತ್ರ ಹಿಂದಿನ ಚಕ್ರದ ಬದಿಯಲ್ಲಿ, ಅಸನಾಲಿಯ ಕಿವಿಗೆ ನೇರವಾಗಿ, ಅಲ್ಲಾಡದೆ ನಿಂತಿತ್ತು.

"ಬೀಗರೇ, ಸಿಕ್ತಾ ಏನಾದ್ರೂ?" ಶೈಲೋಬೆಕ್‌ನ ದನಿ ಮೇಲಿಂದ ಬಂತು. ಆಮೇಲೆ ಅಂಗಳದಲ್ಲಿದ್ದ ಅಕ್ಕಪಕ್ಕದವರ ಕಡೆ ತಿರುಗಿತು. "ನೋಡ್ರಪ್ಪಾ ನಮ್ಮ ಬೀಗರನ್ನ. ಕುರಿಮರಿ ಮೊಲೆ ಹುಡುಕ್ದಂಗೆ ಲಾರಿ ಹೊಟ್ಟೆ ಕೆಳಗೆ ಹುಡುಕ್ತಿದಾರೆ!"

ಅಂಗಳ ನಕ್ಕಿತು. ಮೆದೆರ್ ಎಲ್ಲರಿಗಿಂತ ಜೋರಾಗಿ ನಕ್ಕ. ಅಸನಾಲಿಯೂ ಕೆಳಗಿನಿಂದ ನಕ್ಕ. ಮುಖ ಕಾಣದವನು ನಗುವುದಾದರೆ ಸದ್ದು ಸ್ವಲ್ಪ ಹೆಚ್ಚೇ ಬೇಕು, ಇಲ್ಲದಿದ್ದರೆ ಮುನಿಸಿಕೊಂಡ ಎಂದುಕೊಳ್ಳುತ್ತಾರೆ.

ಅವನು ಹಾಕಿಕೊಂಡಿದ್ದ ಕೋಟು ಅವನದಲ್ಲ. ಬೀಗರ ಮನೆಗೆ ಬರುವುದೆಂದು ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಕೋಟಿನಲ್ಲೇ ಅವನು ನೆಲಕ್ಕೆ ಮಂಡಿಯೂರಿದಾಗ ಶೈಲೋಬೆಕ್, "ಅಯ್ಯೋ ಬೀಗರೇ, ಇರೋ ಒಂದೇ ಒಂದು ಒಳ್ಳೇ ಕೋಟನ್ನ ಹಾಳು ಮಾಡ್ಕೋಬೇಡಿ," ಎಂದು ಕೊಟ್ಟಿಗೆಯ ಗೂಟದಿಂದ ತನ್ನ ಹಳೆಯದೊಂದನ್ನು ತರಿಸಿ ತೊಡಿಸಿದ್ದ. ಒಂದೇ ಒಂದು ಎಂಬುದು ಅವನಿಗೆ ಹೇಗೆ ಗೊತ್ತು? ಗೊತ್ತಿರದೆ ಏನು, ಹೋದ ವರ್ಷ ಮದುವೆಯಲ್ಲಿ ಹಾಕಿಕೊಂಡದ್ದೂ ಅದೇ. ಈ ಹಳೆಯ ಕೋಟಿನ ತೋಳು ಉದ್ದ. ಕೊರಳಪಟ್ಟಿಯಲ್ಲಿ ಬೇರೆ ಗಂಡಸಿನ ಬೆವರು, ತಂಬಾಕು. ಲಾರಿಯ ಬಗ್ಗೆ ಕೆಟ್ಟದ್ದೇನಾದರೂ ಹೇಳಬೇಕಾಗಿ ಬಂದರೆ ಈ ಕೋಟಿನೊಳಗಿನಿಂದಲೇ ಹೇಳಬೇಕು.

ಆದರೆ ಹೇಳಬೇಕಾಗಿ ಬರುವುದಿಲ್ಲ ಎಂದು ಅಸನಾಲಿ ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಶೈಲೋಬೆಕ್ ಆಣೆ ಇಟ್ಟು ಹೇಳಿದ್ದು ಇಷ್ಟು: ಕ್ಲಚ್ ಹೊಸದು, ಗೇರ್‌ಬಾಕ್ಸ್ ಬಿಚ್ಚಿಸಿ ಬೇರಿಂಗ್ ಬದಲಾಯಿಸಿದೆ, ಉದ್ದನೆಯ ಶಾಫ್ಟಿನ ಕೀಲುಗಳ ಕ್ರಾಸ್‌ಗಳು ಹೊಸವು, ಹಿಂದಿನ ಎರಡೂ ಅಚ್ಚುಗಳ ಹೌಸಿಂಗ್‌ಗಳಲ್ಲಿ ಹಲ್ಲುಗಾಲಿ ಹೊಸದು. ಕ್ಲಚ್ ನಿಜವಾಗಿತ್ತು. ಗೇರ್‌ಬಾಕ್ಸ್ ನಿಜವಾಗಿತ್ತು, ಅಂಚಿನ ಬೋಲ್ಟುಗಳ ಮೇಲೆ ಪಾನಾ ಕಚ್ಚಿದ ಹೊಸ ಗೀರುಗಳಿದ್ದವು, ಎಣ್ಣೆ ತಿಳಿಯಾಗಿತ್ತು. ಕ್ರಾಸ್‌ಗಳನ್ನು ಎರಡೂ ಕೈಯಿಂದ ಹಿಡಿದು ತಿರುವಿದರೆ ಒಂದಿಷ್ಟೂ ಸಡಿಲ ಇರಲಿಲ್ಲ. ಆ ಎರಡರಲ್ಲಿ ಮುಂದಿನದಾದ ನಡುವಿನ ಹೌಸಿಂಗ್‌ನ ಎಣ್ಣೆಯೂ ಶುದ್ಧ. ಒಂದೊಂದು ನಿಜವಾದಾಗಲೂ ಅಸನಾಲಿಗೆ ಪರೀಕ್ಷೆಯಲ್ಲಿ ತಾನೇ ಪಾಸಾದಷ್ಟು ಖುಷಿಯಾಗಿತ್ತು. ಶೈಲೋಬೆಕ್‌ನ ಮೇಲೆ ಪ್ರೀತಿ ಉಕ್ಕಿತ್ತು. ಒಳ್ಳೆಯ ಮನುಷ್ಯ, ಮಾತು ಒರಟು ಅಷ್ಟೆ, ಇಂಥವರ ಮನೆಯಲ್ಲಿ ಮಗಳಿಗೆ ಏನು ಕಷ್ಟ, ನಾನು ಸುಮ್ಮನೆ ಇಲ್ಲದ್ದನ್ನು ಕಲ್ಪಿಸಿಕೊಂಡೆ. ಉಳಿದದ್ದು ಕಟ್ಟಕಡೆಯ ಹೌಸಿಂಗ್ ಒಂದೇ. ಹಿಂಗಾಲಿಗಳ ನಡುವೆ ತೂಗುವ ಆ ಉರುಟು ಕಬ್ಬಿಣದ ಹೊಟ್ಟೆಗೆ ಬೆಳ್ಳಿ ಬಣ್ಣ ಹೊಡೆದಿದ್ದರು. ಬೇರೆ ಯಾವುದಕ್ಕೂ ಹೊಡೆದಿರಲಿಲ್ಲ.

ಬೆಳ್ಳಿ ಬಣ್ಣ ನೋಡಿದ್ದೇ ಅವನು ಕಣ್ಣನ್ನು ಬೂಟುಗಳ ಕಡೆ ತಿರುಗಿಸಿದ. ಬೂಟುಗಳ ನಡುವೆ ಒಂದು ಜೋಡಿ ರಬ್ಬರ್ ಚಪ್ಪಲಿ ಹಾದುಹೋಯಿತು. ಬುರುಲ್. ಮಗಳ ಕಾಲು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಬಕೆಟ್ಟಿನ ಭಾರಕ್ಕೆ ಎಡಗಾಲು ಒಂದಿಷ್ಟು ಒಳಕ್ಕೆ ಇಡುತ್ತಾಳೆ. ಬೆಳಿಗ್ಗೆ ಬಂದಾಗ ಅವಳೇ ಚಹಾ ಸುರಿದಳು, ತಲೆವಸ್ತ್ರ ಹುಬ್ಬಿನವರೆಗೆ ಎಳೆದುಕೊಂಡು, ಕಣ್ಣೆತ್ತದೆ. ಬಟ್ಟಲಿಗೆ ಅರ್ಧದಷ್ಟೇ ಸುರಿದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೊರಡಿ ಎಂದ ಹಾಗೆ. ಅರ್ಧ ಕೊಟ್ಟರೆ ಮತ್ತೆ ಸುರಿಯುತ್ತೇನೆ, ಕೂತಿರಿ ಎಂದು. ತಾಯಿ ಕಲಿಸಿದ್ದು. ಬೀಗಿತ್ತಿ ಪಕ್ಕದಲ್ಲೇ ಕೂತು ನೋಡುತ್ತಿದ್ದವಳು, "ಚಹಾ ಸುರಿಯೋದೊಂದು ಚೆನ್ನಾಗಿ ಕಲಿಸಿದೀರಿ ಬೀಗರೇ. ಉಳಿದದ್ದು ನಾವೇ ಕಲಿಸ್ಕೋತಿದೀವಿ," ಎಂದಳು. ಅಸನಾಲಿ ಅದಕ್ಕೂ ನಕ್ಕಿದ್ದ. ಮದುವೆಯಲ್ಲಿ ಮಗಳ ಜೊತೆ ಕಳಿಸಿದ ಹಾಸಿಗೆಗಳು ತೆಳು ಎಂದು ಈಕೆ ನೆಂಟರೆದುರು ಒಂದೊಂದನ್ನೇ ಬಿಡಿಸಿ ಹಿಸುಕಿ ತೋರಿಸಿದಾಗಲೂ ನಕ್ಕಿದ್ದ. ಮದುವೆಯಾದ ಹುಡುಗಿ ಮೊದಲ ಸಲ ತವರಿಗೆ ಬರುವುದು ಅತ್ತೆ ಮನೆಯವರು ಕಳಿಸಿದಾಗ, ಅವರು ಕಳಿಸಿರಲಿಲ್ಲ. ವಸಂತದಲ್ಲಿ ಕುರಿ ಈಯುವ ಕಾಲ ಎಂದರು, ಬೇಸಿಗೆಯಲ್ಲಿ ಹುಲ್ಲು ಕೊಯ್ಲು ಎಂದರು. ಹೆಂಡತಿ ಬೇಸಿಗೆಯೆಲ್ಲ ರಸ್ತೆ ಕಾಣುವ ಕಿಟಕಿಯ ಹತ್ತಿರ ಕೂತೇ ಉಣ್ಣೆ ಬಿಡಿಸಿದಳು. ಇವತ್ತು ಮೆದೆರ್ ಲಾರಿಯ ಮಾತು ಎತ್ತಿದ ಕೂಡಲೇ ಶೈಲೋಬೆಕ್ ತಾನಾಗಿ ಹೇಳಿದ್ದ: "ಈ ಕೆಲಸ ಮುಗೀಲಿ ಬೀಗರೇ. ಇದೇ ಲಾರೀಲಿ ಸೊಸೇನ ತವರಿಗೆ ಕಳಿಸ್ತೀನಿ. ಚಿಕ್ಕಪ್ಪ ಡ್ರೈವರು, ಮಗಳು ಪಕ್ಕದ ಸೀಟು. ಅವಳ ತಾಯಿ ನೋಡಿ ಸಂತೋಷಪಡ್ಲಿ."

ಅವನು ಪಾನಾ ತೆಗೆದುಕೊಂಡ. ಕೈ ತಾನಾಗಿಯೇ ಕೆಲಸ ಮಾಡುತ್ತಿತ್ತು. ಉಗುರಿನಿಂದ ಒಂದು ಬೋಲ್ಟಿನ ಮೇಲಿನ ಬೆಳ್ಳಿ ಬಣ್ಣ ಕೆರೆದ. ಕೆಳಗೆ ಹಳೆಯ ಹಸಿರು ಬಣ್ಣ ಬೋಲ್ಟಿನಿಂದ ಹೌಸಿಂಗ್‌ವರೆಗೆ ಒಂದೇ ಚರ್ಮದಂತೆ ಬಿರುಕಿಲ್ಲದೆ ಹರಡಿತ್ತು. ಇನ್ನೊಂದನ್ನು ಕೆರೆದ. ಅಲ್ಲೂ ಹಾಗೇ. ಈ ಬೋಲ್ಟುಗಳಿಗೆ ಪಾನಾ ತಾಗಿ ಎಷ್ಟೋ ವರ್ಷವಾಗಿದೆ. ಬೋಲ್ಟು ಬಿಚ್ಚದೆ ಒಳಗಿನ ಹಲ್ಲುಗಾಲಿ ಬದಲಾಗುವುದು ಹೇಗೆ? ರಸ್ತೆ ಇಲಾಖೆಯ ಡಿಪೋದಲ್ಲಿ ಲಾರಿ ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದವನು ಅವನು. ಡಿಪೋ ಮುಚ್ಚಿದ ಮೇಲೆ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಮರೆತಿರಬಹುದು, ತಪ್ಪು ಲೆಕ್ಕ ಹಾಕುತ್ತಿರಬಹುದು. ಬಹುಶಃ ಶೈಲೋಬೆಕ್‌ಗೇ ಗೊತ್ತಿಲ್ಲವೇನೋ, ಮೆಕ್ಯಾನಿಕ್ಕು ಒಂದು ಹೌಸಿಂಗ್ ಮಾಡಿ ಎರಡೂ ಮಾಡಿದೆ ಎಂದಿರಬಹುದು. ಆದರೆ ಮೆಕ್ಯಾನಿಕ್ಕಿನಿಂದ ಮೋಸಹೋದವನು ಇದೊಂದಕ್ಕೇ ಬಣ್ಣ ಏಕೆ ಹೊಡೆಸುತ್ತಾನೆ ಎಂದು ಕೇಳಿಕೊಂಡು, ಕೇಳಿಕೊಂಡದ್ದಕ್ಕೆ ಹೆದರಿ, ಅವನು ಅಡಿಯ ಡ್ರೈನ್ ಬೋಲ್ಟನ್ನು ಸಡಿಲಿಸಿದ.

ಎಣ್ಣೆ ಬೇಗ ಬರಲಿಲ್ಲ. ಜೇನಿನ ಹಾಗೆ ದಪ್ಪಗೆ, ಹಗ್ಗದಂತೆ ಇಳಿಯಿತು. ಸವೆದು ಊಳಿಡುವ ಹಲ್ಲುಗಾಲಿಯ ಬಾಯಿ ಮುಚ್ಚಿಸುವುದಕ್ಕೆ ಹಾಕಿದ ದಪ್ಪ ಎಣ್ಣೆ. ಅಂಗೈ ತುಂಬುವಷ್ಟು ಬಿಟ್ಟುಕೊಂಡು, ಇನ್ನೊಂದು ಕೈಗೆ ಕಳಚಿ ಬಂದ ಬೋಲ್ಟನ್ನು ತಿರುಗಿಸಿ ನೋಡಿದ. ಬೋಲ್ಟಿನ ತುದಿಯಲ್ಲಿರುವ ಅಯಸ್ಕಾಂತಕ್ಕೆ ಕಪ್ಪು ಹಿಟ್ಟು ಅಂಟಿಕೊಂಡಿರುವುದು ಸಹಜ, ಎಲ್ಲ ಲಾರಿಯಲ್ಲೂ ಇರುತ್ತದೆ. ಇದರಲ್ಲಿ ಹಿಟ್ಟಿನ ನಡುವೆ ಉಕ್ಕಿನ ಸಿಬಿರು ನಿಂತಿತ್ತು, ಕತ್ತರಿಸಿ ಬಿಸಾಕಿದ ಉಗುರಿನಷ್ಟು. ಅಂಗೈ ಎಣ್ಣೆಯನ್ನು ಸಂದಿಯ ಬೆಳಕಿಗೆ ಹಿಡಿದ. ಒಳಗೆ ಹೊಂಬಣ್ಣದ ಹುಡಿ ನಿಧಾನಕ್ಕೆ ಸುತ್ತುತ್ತಿತ್ತು, ಅಯಸ್ಕಾಂತ ಹಿಡಿಯಲಾರದ ಕಂಚು, ಒಳಗಿನ ವಾಷರ್ ಅರೆದು ಅರೆದು ಹಿಟ್ಟಾದದ್ದು. ಬುರುಲ್ ಸಣ್ಣವಳಿದ್ದಾಗ ಡಿಪೋಗೆ ಊಟದ ಗಂಟು ತರುತ್ತಿದ್ದಳು. ಇಂಥದೇ ಹುಡಿಯನ್ನು ಬೆರಳಿಗೆ ಹಚ್ಚಿಕೊಂಡು ಕೆನ್ನೆಗೆ ಬಳಿದುಕೊಂಡು, "ಅಪ್ಪಾ, ನಾನು ಮದುಮಗಳು," ಎಂದಿದ್ದಳು. "ಬಳ್ಕೋಬೇಡ ಮಗಳೇ, ಅದು ಚಿನ್ನ ಅಲ್ಲ. ಎಣ್ಣೇಲಿ ಚಿನ್ನ ಕಂಡ್ರೆ ಆ ಲಾರಿ ಸತ್ತಂಗೆ," ಎಂದು ಇವನು ಸೀಮೆಎಣ್ಣೆಯ ಬಟ್ಟೆಯಲ್ಲಿ ಕೆನ್ನೆ ಒರೆಸಿದ್ದ. ಉರಿ ಉರಿ ಎಂದು ಅವಳು ಅತ್ತಿದ್ದಳು.

ಆಗಲೇ ಮೆದೆರ್ ಮೇಲೆ ಹತ್ತಿ ಕೂತು ಹಾರ್ನ್ ಒತ್ತಿದ. ಎದೆಯ ಮೇಲಿದ್ದ ಕಬ್ಬಿಣವೆಲ್ಲ ಅದುರಿತು. ಮಕ್ಕಳು ಕೂಗಿ ಚಪ್ಪಾಳೆ ಹೊಡೆದರು, ಮೆದೆರ್ ಬಿಡದೆ ಒತ್ತಿದ. ಅಸನಾಲಿ ಕಣ್ಣು ಮುಚ್ಚಿಕೊಂಡ. ಡಿಪೋದ ಡ್ರೈವರ್ ಎಸೆನ್ ಕಲ್ಲಿದ್ದಲು ಗಣಿಯ ಘಾಟಿಯನ್ನು ಕಡೆಯ ಸಲ ಇಳಿದದ್ದು ಹೀಗೇ, ಹಾರ್ನ್ ಒತ್ತಿಕೊಂಡೇ. ಭಾರದ ಲಾರಿಯನ್ನು ಇಳಿಜಾರಿನಲ್ಲಿ ಹಿಡಿಯುವುದು ಬ್ರೇಕ್ ಒಂದೇ ಅಲ್ಲ, ಸಣ್ಣ ಗೇರಿನಲ್ಲಿಟ್ಟ ಎಂಜಿನ್ನು. ಅದರ ಹಿಡಿತ ಚಕ್ರಕ್ಕೆ ತಲುಪುವುದು ಹೌಸಿಂಗ್ ಮೂಲಕ. ಎಸೆನ್‌ನ ಲಾರಿಯಲ್ಲಿ ಅದು ಮೇಲಿನ ತಿರುವಿನಲ್ಲೇ ಮುರಿಯಿತು. ಆಮೇಲೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವಿಲ್ಲ. ಬ್ರೇಕ್ ಕಾದು ಹೊಗೆಯಾಡಿ ಸೋತಿತು. ಎದುರು ಬರುವವರು ದಾರಿ ಬಿಡಲಿ ಎಂದು ಅವನು ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಕೆಳಗೆ ಡಿಪೋದಲ್ಲಿ ನಿಂತವರಿಗೆ ಮೊದಲು ಕೇಳಿದ್ದು ಹಾರ್ನ್. ಬೆಟ್ಟದ ಆ ಮಗ್ಗುಲಿಗೆ ಹೋದಾಗ ಸಣ್ಣಗೆ, ಈ ಮಗ್ಗುಲಿಗೆ ಬಂದಾಗ ಜೋರಾಗಿ, ತಿರುವಿನಿಂದ ತಿರುವಿಗೆ ಹತ್ತಿರವಾಗುತ್ತ. ಯಾರದೋ ಮದುವೆ ದಿಬ್ಬಣ ಎಂದು ಒಬ್ಬ ಹೇಳಿದ. ಇನ್ನೊಬ್ಬ, ಮದುವೆ ಅಲ್ಲ, ಎಂದ. ಆಮೇಲೆ ಹಾರ್ನ್ ನಿಂತಿತು. ನಿಂತ ಮೇಲೂ ಎಲ್ಲರೂ ತಲೆ ಎತ್ತಿಕೊಂಡು ನಿಂತೇ ಇದ್ದರು. ಅಪ್ಪ ತೀರಿಕೊಂಡಾಗ ಮೆದೆರ್ ತೊಟ್ಟಿಲಿನಲ್ಲಿದ್ದ. ಅವನಿಗೆ ನಡೆಯಲು ಕಲಿಸಿದವನು, ಕುದುರೆಯ ಮೇಲೆ ಮೊದಲು ಕೂರಿಸಿದವನು ಅಸನಾಲಿ. ಈಗ ಆ ಕುದುರೆಗಳನ್ನೆಲ್ಲ ಮಾರಿ, ಚಳಿಗಾಲ ಪೂರ್ತಿ ಆ ಘಾಟಿಯ ಮೇಲೆ ಕಲ್ಲಿದ್ದಲು ಹೊಡೆಯುತ್ತೇನೆಂದು ಹೊರಟಿದ್ದಾನೆ.

"ಅಣ್ಣಾ, ಬಾ ಹೊರಗೆ! ಕುರಿ ತಂದಿದಾರೆ, ಅಜ್ಜ ಕಾಯ್ತಿದಾರೆ!"

ಸಂದಿಯಲ್ಲಿ ನಾಲ್ಕು ಕುರಿಗಾಲು ಕಂಡವು. ನೆಂಟರಿಗೆ ಕೊಯ್ಯುವ ಕುರಿಯನ್ನು ಮೊದಲು ಅವರೆದುರು ತಂದು ನಿಲ್ಲಿಸಿ, ಹಿರಿಯರು ಹಾರೈಕೆ ಹೇಳಿದ ಮೇಲೆಯೇ ಕತ್ತಿ. ಕೊಂಚ ತಡೆಯಿರಿ, ಕೆಲಸ ಮುಗಿದಿಲ್ಲ ಎನ್ನಬೇಕಿತ್ತು. ಕುರಿಯನ್ನು ನಿಲ್ಲಿಸಿಕೊಂಡು ತಡೆಯಿರಿ ಎಂದವರುಂಟೇ? ಅವನು ಬೋಲ್ಟನ್ನು ಬಿಗಿದು, ಬೆನ್ನ ಮೇಲೆ ತೆವಳುತ್ತ ಹೊರಗೆ ಬಂದ. ಬಟ್ಟೆ ಹುಡುಕಿದ, ಇರಲಿಲ್ಲ. ಕೋಟಿಗೆ ಒರೆಸೋಣವೆಂದರೆ ಕೋಟು ಬೀಗರದು. ಎಲ್ಲರೂ ಸಾಲಾಗಿ ನಿಂತಾಗಿತ್ತು. ಶೈಲೋಬೆಕ್‌ನ ಚಿಕ್ಕಪ್ಪ ಜುಮಾದಿಲ್ ಅಜ್ಜ, ಬಿಳಿಗಡ್ಡದವನು, ಪೊರೆ ಬಂದ ಕಣ್ಣನ್ನು ಆಕಾಶಕ್ಕೆ ಕೊಟ್ಟು ಅಂಗೈಗಳನ್ನು ಬಿಚ್ಚಿ ಹಿಡಿದಿದ್ದ. ಎಲ್ಲರೂ ಬಿಚ್ಚಿ ಹಿಡಿದರು. ಮುಷ್ಟಿ ಕಟ್ಟಿಕೊಂಡು ಹಾರೈಕೆ ಪಡೆಯುವುದು ಹೇಗೆ? ಅಸನಾಲಿಯೂ ಬಿಚ್ಚಿದ. ಬಿಸಿಲು ನೇರ ಅಂಗೈಗೆ ಬಿದ್ದು ಹುಡಿ ಹೊಳೆಯಿತು.

"ಬಂದ ನೆಂಟರು ಸುಖವಾಗಿರ್ಲಿ, ಕೊಟ್ಟ ಮನೆ ತುಂಬಿರ್ಲಿ," ಎಂದ ಅಜ್ಜ ನಡುಗುವ ದನಿಯಲ್ಲಿ. ಅಲ್ಲಿಗೆ ಮುಗಿಯಬೇಕಿತ್ತು. ಶೈಲೋಬೆಕ್ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಅಜ್ಜ ತಲೆಯಾಡಿಸಿ ಮುಂದುವರಿಸಿದ: "ಈ ಲಾರಿ ಮೆದೆರ್‌ಗೆ ಕೂಡಿಬರ್ಲಿ. ಹತ್ತೋವಾಗ ಬಲ ಇರ್ಲಿ, ಇಳಿಯೋವಾಗ ಹಿಡಿತ ಇರ್ಲಿ. ದಾರಿ ಬೆಳ್ಳಗಿರ್ಲಿ. ಓಮಿನ್."

"ಓಮಿನ್," ಹಾಗೇ ಆಗಲಿ ಎಂದರು ಎಲ್ಲರೂ, ಎರಡೂ ಅಂಗೈಯಿಂದ ಮುಖ ಸವರಿಕೊಂಡರು. ಅಸನಾಲಿಯ ಕೈಗಳೂ ಮೇಲೆ ಹೋದವು. ಅವನು ತಡೆಯುವಷ್ಟರಲ್ಲಿ ಹಣೆಯಿಂದ ಗದ್ದದವರೆಗೆ ಇಳಿದವು. ದಪ್ಪ ಎಣ್ಣೆ ಕೆನ್ನೆಗೆ ಬೆಚ್ಚಗೆ ಹತ್ತಿತು. ಹಾರೈಕೆ ಆಯಿತು. ತಾನೂ ಓಮಿನ್ ಎಂದಾಯಿತು. ಇನ್ನು ಆಡುವ ಮಾತು ಲಾರಿಯ ಮೇಲಿನ ಮಾತಲ್ಲ, ಅಜ್ಜನ ಹಾರೈಕೆಯನ್ನು ಮುರಿಯುವ ಮಾತು. ಹಾರೈಕೆ ಮುರಿದವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಆ ಮನೆಯಿಂದ ಬಂದ ಹೆಣ್ಣಿಗೂ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಇದೆಲ್ಲ ಶೈಲೋಬೆಕ್‌ಗೆ ಗೊತ್ತು. ಕುರಿಯನ್ನು ಈಗ, ಈ ಗಳಿಗೆಗೆ ತರಿಸಿದ್ದೂ ಗೊತ್ತಿದ್ದೇ. ಅಥವಾ ಊಟಕ್ಕೆ ಹೊತ್ತಾಯಿತೆಂದು ತರಿಸಿದನೋ ಏನೋ. ಕುರಿಯನ್ನು ಎಳೆದುಕೊಂಡು ಹೋಗುತ್ತಿದ್ದರು. ಅದು ಒಮ್ಮೆಯೂ ಕೂಗಲಿಲ್ಲ.

ಬಾಗಿಲ ಬಳಿ ಬುರುಲ್ ಹೆಗಲಿಗೆ ವಸ್ತ್ರ ಹಾಕಿಕೊಂಡು ಹೂಜಿ, ಬೋಗುಣಿ ಹಿಡಿದು ನಿಂತಿದ್ದಳು. ಒಬ್ಬೊಬ್ಬರೇ ಕೈ ಒಡ್ಡಿದರು, ಅವಳು ನೀರು ಬಿಟ್ಟಳು. ಅಸನಾಲಿ ಕಡೆಯವನಾಗಿ ಉಳಿದ. ಸೋಪು ಹಚ್ಚಿ ಉಜ್ಜಿದ. ಬೋಗುಣಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ, ಅದರಲ್ಲಿ ಹೊಂಬಣ್ಣದ ಚುಕ್ಕಿ. ಬುರುಲ್ ಬೋಗುಣಿ ನೋಡಿದಳು. ಆಮೇಲೆ, ಬೆಳಿಗ್ಗೆಯಿಂದ ಮೊದಲ ಸಲ, ಕಣ್ಣೆತ್ತಿ ಅಪ್ಪನ ಮುಖ ನೋಡಿದಳು. ಕೆನ್ನೆಯಲ್ಲಿ ಅವಳ ನೋಟ ನಿಂತಿತು.

"ಮುಖಕ್ಕೂ ಹಾಕು ಮಗಳೇ," ಎಂದು ಅವನು ಪಿಸುಗುಟ್ಟಿ ಬೊಗಸೆ ಒಡ್ಡಿದ. "ಬೇಗ ಹಾಕು."

"ನೀರು ಮುಗೀತಪ್ಪ."

"ಸ್ವಲ್ಪ ಸಾಕು."

"ಮುಗೀತು ಅಂದ್ನಲ್ಲ," ಎಂದಳು ಬುರುಲ್. ವಸ್ತ್ರವನ್ನೂ ಕೊಡಲಿಲ್ಲ. ಹೂಜಿ ಎತ್ತಿಕೊಂಡು ಒಳಗೆ ಹೋದಳು. ಅವಳು ಹೆಜ್ಜೆ ಇಟ್ಟಂತೆಲ್ಲ ಹೂಜಿಯೊಳಗೆ ನೀರು ತುಳುಕುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಒಳಗೆ ಅವನನ್ನು ಬಾಗಿಲಿಗೆ ಎದುರಾದ ಮೇಲಿನ ಜಾಗದಲ್ಲಿ, ಅಜ್ಜನ ಪಕ್ಕದಲ್ಲಿ ಕೂರಿಸಿದರು. ಕಿಟಕಿಯ ಬಿಸಿಲು ನೇರ ಅಲ್ಲಿಗೇ. ಹಾಸಿಗೆಯ ಮೆತ್ತೆ ದಪ್ಪಗಿತ್ತು. ತೆಳು ಹಾಸಿಗೆಗಳನ್ನು ಎಲ್ಲಿಟ್ಟರೋ. ಹಾಸಿದ ಬಟ್ಟೆಯ ಮೇಲೆ ಕರಿದ ಹಿಟ್ಟಿನ ಬೋರ್ಸೋಕ್ ರಾಶಿ, ಬೆಣ್ಣೆ, ಏಪ್ರಿಕಾಟ್ ಜಾಮು. ಅವನು ತೋಳಿನಿಂದ ಮುಖ ಒರೆಸಿಕೊಳ್ಳಬಹುದಿತ್ತು. ಕೈ ಎತ್ತಿದರೆ ಎಲ್ಲರ ಕಣ್ಣು ಕೈಯ ಹಿಂದೆಯೇ ಬರುತ್ತದೆ ಎನ್ನಿಸಿತು. ಕೆನ್ನೆಯಲ್ಲಿ ಎಣ್ಣೆ ಅಂಟಿಕೊಂಡು ಚರ್ಮ ಭಾರವಾಗಿತ್ತು. ಮನೆಗೆ ಹೋಗುವಾಗ ದಾರಿಯಲ್ಲಿ ಮೆದೆರ್‌ಗೆ ಹೇಳಿದರಾಯಿತು, ಹೌಸಿಂಗ್ ಬಿಚ್ಚಿಸಿಕೋ ಎಂದು, ಗುಟ್ಟಾಗಿ. ಯಾವ ದುಡ್ಡಲ್ಲಿ? ಚಳಿಗಾಲ ಮುಗಿಯಲಿ ಎನ್ನುತ್ತಾನೆ. ನಕ್ಕು, ಅಣ್ಣಾ, ನಿನಗೆ ಗಾಳಿ ಬೀಸಿದರೂ ಭಯ, ಎನ್ನುತ್ತಾನೆ. ಮೊದಲ ಸಲ ಘಾಟಿ ಇಳಿಯುವಾಗ ಪಕ್ಕದ ಸೀಟಿನಲ್ಲಿ ಬುರುಲ್ ಇರುತ್ತಾಳೆ. ಕೊಚ್ಕೋರಿನಿಂದ ತವರಿಗೆ ಹೋಗುವ ದಾರಿ ಅದೇ ಘಾಟಿ. ಇಷ್ಟು ಹೊತ್ತು ಅದು ಹೊಳೆದೇ ಇರಲಿಲ್ಲ. ತಮ್ಮನ ಜೀವ ತಕ್ಕಡಿಯ ಒಂದು ತಟ್ಟೆಯಲ್ಲಿ, ಮಗಳ ಬಾಳು ಇನ್ನೊಂದರಲ್ಲಿ ಎಂದುಕೊಂಡು ಕೂತಿದ್ದ. ಇಬ್ಬರೂ ಒಂದೇ ಸೀಟಿನಲ್ಲಿದ್ದರು.

"ಮಾಂಸ ಬೇಯೋದ್ರೊಳಗೆ ಮಾತು ಮುಗಿಸ್ಬಿಡೋಣ," ಎಂದ ಶೈಲೋಬೆಕ್, ಕೈ ಉಜ್ಜಿಕೊಳ್ಳುತ್ತ. "ಬೀಗರು ಕೆಳಗೆ ಮಲಗಿ ಒಂದು ನಿದ್ದೇನೂ ತೆಗೆದ್ರು. ನಾನು ಹೇಳಿದ್ದೆಲ್ಲ ಸರಿಯಾಗಿತ್ತು ತಾನೆ ಬೀಗರೇ?"

ಅಸನಾಲಿ ತಲೆಯಾಡಿಸಿದನೋ ಇಲ್ಲವೋ, ಅವನಿಗೇ ತಿಳಿಯಲಿಲ್ಲ. ಶೈಲೋಬೆಕ್ ಮೆದೆರ್‌ನ ಕಡೆ ಕೈ ಚಾಚಿದ. ಮೆದೆರ್ ಕೈ ಕೊಡಲು ಮುಂದೆ ಬಾಗಿದವನು ಅಣ್ಣನ ಕಡೆ ನೋಡಿ ನಕ್ಕ.

"ಅಣ್ಣಾ, ಇದೇನು ನಿನ್ನ ಮುಖ! ಮದುಮಗಳ ಥರ ಹೊಳೀತಿದೆ!"

ಎಲ್ಲರೂ ನೋಡಿದರು. ಒಂದಿಬ್ಬರು ನಕ್ಕರು. ಶೈಲೋಬೆಕ್ ನಗಲಿಲ್ಲ. ಅವನ ಕೈ ಚಾಚಿದಲ್ಲೇ ಇತ್ತು. "ಬೆವರು," ಎಂದ ಅವನು. "ಬಡಪಾಯಿ ಬೆವೆತಿದಾರೆ. ಬಾರಮ್ಮ, ಚಹಾ ತಾ."

ಬುರುಲ್ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಸನಾಲಿ ಅಂಗೈಯನ್ನು ಕೆನ್ನೆಯವರೆಗೆ ಒಯ್ದು, ಒರೆಸದೆ, ಕೆಳಗಿಳಿಸಿದ.

"ಬೆವರಲ್ಲ," ಎಂದ. ದನಿ ತನ್ನದಲ್ಲ ಎನ್ನುವಷ್ಟು ಸಣ್ಣಗಿತ್ತು. "ಹಿಂದಿನ ಹೌಸಿಂಗ್ ಎಣ್ಣೆ. ಅದನ್ನ ಬಿಚ್ಚೇ ಇಲ್ಲ. ಒಳಗೆ ಅರೆದುಹೋಗಿದೆ. ಮೆದೆರ್, ಕೈ ಹಿಂದಕ್ಕೆ ತಗೋ."

ಹೊರಗೆ ಯಾರೋ ಒಲೆಗೆ ಕಟ್ಟಿಗೆ ಮುರಿಯುತ್ತಿದ್ದರು. ಮೆದೆರ್‌ನ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅವನು ತನ್ನ ಕೈಯನ್ನು ಯಾರದೋ ಎಂಬಂತೆ ನೋಡಿ ಮಡಿಲಿಗೆ ಎಳೆದುಕೊಂಡ.

"ಹಾರೈಕೆ ಆದ್ಮೇಲೆ?" ಎಂದ ಶೈಲೋಬೆಕ್ ಮೆಲ್ಲಗೆ. "ನನ್ನ ಮನೇಲಿ, ನನ್ನ ಕುರಿ ಕೊಯ್ಸಿ, ನನ್ನ ಕೋಟು ಹಾಕ್ಕೊಂಡು, ಅಜ್ಜ ಕೈ ಎತ್ತಿ ಹಾರೈಸಿದ್ಮೇಲೆ ಹೇಳ್ತೀರಾ ಬೀಗರೇ?"

"ಮುಂಚೇನೇ ಹೇಳ್ಬೇಕಿತ್ತು," ಎಂದ ಅಸನಾಲಿ. "ಹೆದರ್ಕೊಂಡೆ."

ಜುಮಾದಿಲ್ ಅಜ್ಜ ಪೊರೆ ಬಂದ ಕಣ್ಣನ್ನು ದನಿ ಬಂದ ಕಡೆ ತಿರುಗಿಸಿದ. ಏನೋ ಹೇಳುತ್ತಾನೆ ಎಂದು ಎಲ್ಲರೂ ಕಾದರು. ಅವನು ಒಂದು ಬೋರ್ಸೋಕ್ ಎತ್ತಿಕೊಂಡು, ತಿನ್ನದೆ, ಮತ್ತೆ ಅಲ್ಲೇ ಇಟ್ಟ.

"ಬೀಗರಿಗೆ ಚಹಾ ಕೊಡಮ್ಮ," ಎಂದ ಶೈಲೋಬೆಕ್. ಸೊಸೆಯ ಕಡೆ ತಿರುಗಲಿಲ್ಲ, ಅಸನಾಲಿಯನ್ನೇ ನೋಡುತ್ತಿದ್ದ. "ಬಟ್ಟಲು ತುಂಬಿಸಿ ಕೊಡು. ದೂರ ಹೋಗೋರು."

ಮಾಂಸ ಇನ್ನೂ ಬೆಂದಿರಲಿಲ್ಲ. ಬೀಗಿತ್ತಿ ಉಸಿರು ಎಳೆದುಕೊಂಡ ಸದ್ದು ಕೇಳಿತು. ಬುರುಲ್ ಬಂದು ಮಂಡಿಯೂರಿ ಕೂತಳು. ಬಟ್ಟಲು ಎತ್ತಿ ಕೆಟಲ್ ಬಾಗಿಸಿದಳು. ಅಸನಾಲಿ ಬಟ್ಟಲು ನೋಡಲಾರದೆ ಅವಳ ಕೈ ನೋಡಿದ. ಮುಂಗೈಯಲ್ಲಿ ಹಳೆಯ ಸುಟ್ಟ ಗಾಯದ ಒಂದು ಕಲೆ ಇತ್ತು, ಇದು ತನ್ನ ಮನೆಯಲ್ಲಿ ಆದದ್ದಲ್ಲ. ಚಹಾ ಬೀಳುವ ಸದ್ದು ನಿಂತಿತು. ಬೇಗನೇ ನಿಂತಿತು ಎಂದು ಅವನಿಗೆ ಅನ್ನಿಸಿತು, ಕೆಟಲ್‌ನಲ್ಲಿ ಇಲ್ಲವೇನೋ ಎಂದುಕೊಂಡ. ಬುರುಲ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಮಾವನ ಎದುರಿಗೇ, ಅಪ್ಪನ ಮುಂದೆ ಚಾಚಿದಳು.

ಬಟ್ಟಲು ಅರ್ಧಕ್ಕಿತ್ತು.

ಅವಳ ಕೈ ಅಲ್ಲಾಡುತ್ತಿರಲಿಲ್ಲ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಕರಿಯ ಬೂಟು ಕಳಚಿಟ್ಟಿದ್ದ ಶೈಲೋಬೆಕ್‌ನ ಕಾಲ ಬೆರಳುಗಳು ಕಾಲುಚೀಲದೊಳಗೆ ಮಡಚಿಕೊಂಡದ್ದು ಅಸನಾಲಿಗೆ ಕಂಡಿತು. ತಾನು ಎದ್ದು ಹೋದ ಮೇಲೆ ಈ ಬಾಗಿಲು ಮುಚ್ಚುತ್ತದೆ, ಇವಳು ಈ ಕಡೆ ಉಳಿಯುತ್ತಾಳೆ. ಮುಗಿದರೆ ಏಳಬೇಕಾಗುತ್ತದೆ ಎಂದು ಹೆದರಿ, ಅವನು ಚಹಾವನ್ನು ತುಟಿಗೆ ಬರೀ ಮುಟ್ಟಿಸುತ್ತ ಕೂತ. ಬುರುಲ್ ಕೆಟಲ್ ಹಿಡಿದು ಪಕ್ಕದಲ್ಲೇ ಕಾದಳು.